ಶಾಲೆಯಲ್ಲಿ ಕೇಳಲು ಎಂತ ನಾಚಿಕೆ?

2021ರ ಜನವರಿ 5ರಿಂದ ಇಂಗ್ಲೆಂಡಿನ ಶಾಲೆಗಳು ಹೆಚ್ಚಿನ ಮಕ್ಕಳಿಗೆ ಮತ್ತೆ ಬಾಗಿಲು ಹಾಕಿದ್ದವು. "ಮಕ್ಕಳು ಮೊಬೈಲ್ ಹಿಡಿದು ಹಾಳಾದರು, ಮನೆಯ ಹೆಂಗಸರು ಗಮನ ಕೊಡುವುದಿಲ್ಲ" ಎಂದು ನಮ್ಮ ಗಂಡಸರು ದೂರುತ್ತಿದ್ದರು. ಇದು ಅನ್ಯಾಯದ ಮಾತು. ಈಸ್ಟ್ ಹ್ಯಾಮ್, ಇಲ್ಫರ್ಡ್‌ನ ಒಂದು ಕೋಣೆಯ ಬಾಡಿಗೆಮನೆಯಲ್ಲಿ ಮೂರು ಮಕ್ಕಳಿಗೆ ಒಂದೇ ಫೋನ್; ಬಾಪ ಕೆಲಸಕ್ಕೆ ಹೊರಟರೆ ಅದೂ ಅವರ ಕಿಸೆಯಲ್ಲಿ. ಉಮ್ಮ ಎಂತದಕ್ಕೆ ಗಮನ ಕೊಡಬೇಕು?

ಬ್ರಿಟನ್ನಿನಲ್ಲಿ ಆಗ 11.4 ಲಕ್ಷದಿಂದ 17.8 ಲಕ್ಷ ಮಕ್ಕಳ ಮನೆಯಲ್ಲಿ ಲ್ಯಾಪ್‌ಟಾಪ್, ಕಂಪ್ಯೂಟರ್, ಟ್ಯಾಬ್ಲೆಟ್ ಯಾವುದೂ ಇರಲಿಲ್ಲವೆಂದು ಆಫ್‌ಕಾಮ್ ಅಂದಾಜಿಸಿತ್ತು. ಹಾಗಾದರೆ ನಾಚಿಕೆ ನಮಗೆ ಮಾತ್ರ ಯಾಕೆ?

ಆನ್‌ಲೈನ್ ಪಾಠ ಶಾಲೆ ಮಾಡುವ ಉಪಕಾರವಾಗಿರಲಿಲ್ಲ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠ ತಲುಪಿಸುವುದು 2020ರ ಅಕ್ಟೋಬರ್ 22ರಿಂದ ಶಾಲೆಯ ಕಾನೂನಿನ ಹೊಣೆಯಾಗಿತ್ತು. ಅಗತ್ಯವಿದ್ದವರಿಗೆ ಸರಕಾರದ ಲ್ಯಾಪ್‌ಟಾಪ್ ಬರುತ್ತಿದ್ದುದೂ ಶಾಲೆಯ ಮೂಲಕವೇ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ, ಓದಲು ಜಾಗ ಇಲ್ಲ ಎಂದಾದರೆ ಮಗುವಿಗೆ ಶಾಲೆಯಲ್ಲೇ ಕೂರಲು ಅವಕಾಶ ಕೇಳಬಹುದಿತ್ತು. ಆಸ್ಪತ್ರೆ, ಬಸ್ಸು, ಆಹಾರ ಸಾಗಾಟದಲ್ಲಿ ದುಡಿಯುವವರ ಮಕ್ಕಳಿಗೂ ಈ ಅವಕಾಶ ಇತ್ತು. ವೀಸಾದ ಭಯವೂ ಬೇಡ. ಸರಕಾರಿ ಶಾಲೆಯ ಶಿಕ್ಷಣ 'ಪಬ್ಲಿಕ್ ಫಂಡ್ಸ್' ಲೆಕ್ಕಕ್ಕೆ ಬರುವುದಿಲ್ಲ.

ಟೀಚರುಗಳಿಗೂ ಒಂದು ಮಾತು. ಇಂಗ್ಲಿಷಿನಲ್ಲಿ ಈಮೇಲ್ ಕಳಿಸಿ ಕೈತೊಳೆದುಕೊಂಡರೆ ಸಾಲದು. ಲಾಗಿನ್ ಆಗದ ಮಗುವನ್ನು ಸೋಮಾರಿ ಅನ್ನುವ ಮೊದಲು, ಮನೆಯಲ್ಲಿ ಎಷ್ಟು ಫೋನ್ ಉಂಟೆಂದು ಕೇಳಿ.

ಸಹೋದರರೇ, ಮನೆಯಾಕೆಯನ್ನು ದೂರುವುದು ಬಿಡಿ. ಇಂಗ್ಲಿಷ್ ಬಾರದಿದ್ದರೆ ಬಲ್ಲವರನ್ನು ಜೊತೆಗಿಟ್ಟುಕೊಂಡು ನಾಳೆಯೇ ಶಾಲೆಗೆ ಫೋನ್ ಮಾಡಿ. ಹಕ್ಕು ಕೇಳುವುದು ಭಿಕ್ಷೆಯಲ್ಲ.