ಪರದೇಶದ ಕ್ರೀಮು, ಮನೆಯ ಲೆಕ್ಕ

ಧಾರವಾಡದ ಕಡೆಯಿಂದ ವಾಚಕ ಸೋದರಿಯೊಬ್ಬರು ನಮಗೊಂದು ಪತ್ರವನ್ನು ಬರೆದಿದ್ದಾರೆ. ಅವರ ಹಿರಿಯ ಮಗಳಿಗೆ ವರಾನ್ವೇಷಣೆ ನಡೆದಿದೆ. ಹೆಣ್ಣು ನೋಡಲು ಬಂದವರಲ್ಲಿ ಯಾರೋ ಅವಳ ಬಣ್ಣದ ವಿಷಯವಾಗಿ ಒಂದು ಮಾತನ್ನಾಡಿ ಹೋದರಂತೆ. ಅಂದಿನಿಂದ ಹುಡುಗಿಯು ಕೊರಿಯಾ ದೇಶದಿಂದ ಮುಖಕ್ಕೆ ಹಚ್ಚುವ ಪದಾರ್ಥಗಳನ್ನು ತರಿಸಬೇಕೆಂದು ಹಟ ಹಿಡಿದಿದ್ದಾಳೆ. ಇಲ್ಲಿಯ ಅಂಗಡಿಯ ಬೆಲೆಗಿಂತ ಅಲ್ಲಿಯ ಬೆಲೆ ಅರ್ಧದಷ್ಟೆಂದೂ, ಪಾರ್ಸೆಲನ್ನು ಮುಂದೆ ಕಳುಹಿಸಿಕೊಡುವ ರವಾನೆಯ ಸಂಸ್ಥೆಯ ಮೂಲಕ ತರಿಸಿದರೆ ಬಹಳ ಉಳಿತಾಯವೆಂದೂ ಅವಳ ವಾದ. ಅವಳ ಪಟ್ಟಿಯಲ್ಲಿ ಬಿಸಿಲಿನಿಂದ ಕಾಪಾಡುವ ಕ್ರೀಮು ಎರಡು, ತ್ವಚೆಯನ್ನು ಮೃದುವಾಗಿಡುವ ಕ್ರೀಮು ಒಂದು, ಮತ್ತು ತಯಾರಕರ ಹೆಸರಿಲ್ಲದ, ಏಳು ದಿನಗಳಲ್ಲಿ ಬಿಳುಪು ಬರಿಸುವುದೆಂಬ ಒಂದು ಡಬ್ಬಿ ಇವೆ. “ಹಣ ಕೊಡಲೋ ಬೇಡವೋ, ನೀವೇ ಹೇಳಿ” ಎಂದು ತಾಯಿ ಕೇಳಿದ್ದಾರೆ. ಇಂಥ ಪ್ರಶ್ನೆ ಈಗ ಅನೇಕ ಮನೆಗಳಲ್ಲಿ ಹುಟ್ಟಿರುವುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇವೆ.

ಮೊದಲು ಈ ಏರ್ಪಾಡಿನ ಸ್ವರೂಪವನ್ನು ತಿಳಿಯೋಣ. ಪರದೇಶದ ಅನೇಕ ಅಂಗಡಿಗಳು ತಮ್ಮ ದೇಶದೊಳಗಿನ ವಿಳಾಸಕ್ಕೆ ಮಾತ್ರ ಸರಕನ್ನು ಕಳುಹಿಸುತ್ತವೆ. ರವಾನೆಯ ಸಂಸ್ಥೆಯು ಅಲ್ಲಿ ಒಂದು ಉಗ್ರಾಣವನ್ನಿಟ್ಟುಕೊಂಡು, ಅದರ ವಿಳಾಸವನ್ನು ನಮಗೆ ಕೊಡುತ್ತದೆ. ನಾವು ಕೊಂಡದ್ದು ಆ ಉಗ್ರಾಣಕ್ಕೆ ಬಂದು ಸೇರುತ್ತದೆ. ಬೇರೆ ಬೇರೆ ಅಂಗಡಿಗಳಿಂದ ಬಂದುದನ್ನು ಒಂದೇ ಪೆಟ್ಟಿಗೆಯಲ್ಲಿ ಕಟ್ಟಿ ವಿಮಾನದ ಮೂಲಕ ನಮ್ಮ ಮನೆಗೆ ಕಳುಹಿಸುತ್ತಾರೆ. ಅಮೆರಿಕದಲ್ಲಿ ಇಂಥ ಉಗ್ರಾಣಗಳಲ್ಲಿ ಕೆಲವು ಓರೆಗಾನ್, ಡೆಲವೇರ್ ಸಂಸ್ಥಾನಗಳಲ್ಲಿರುವುದಕ್ಕೂ ಕಾರಣವುಂಟು: ಅಲ್ಲಿ ಸಂಸ್ಥಾನದ ಮಾರಾಟ ತೆರಿಗೆಯೇ ಇಲ್ಲ. ಏರ್ಪಾಡಿನಲ್ಲಿ ಮೋಸವೇನೂ ಇಲ್ಲ. ಆದರೆ ಅಂಗಡಿಯ ಬೆಲೆಯೊಂದನ್ನೇ ನೋಡಿ ಲಾಭವೆಂದು ತಿಳಿಯುವುದರಲ್ಲಿ ಮೋಸವಿದೆ. ಅದು ನಮಗೆ ನಾವೇ ಮಾಡಿಕೊಳ್ಳುವ ಮೋಸ.

ಈ ಲೆಕ್ಕದಲ್ಲಿ ಮರೆತುಹೋಗುವ ಮುಖ್ಯ ಸಂಗತಿ ತೂಕ. ವಿಮಾನದಲ್ಲಿ ಸಾಗುವ ಪಾರ್ಸೆಲಿಗೆ ತಕ್ಕಡಿಯ ತೂಕವಲ್ಲದೆ ಗಾತ್ರದ ತೂಕವೆಂಬುದೂ ಉಂಟು. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಅದು ಕಿಲೋಗ್ರಾಮಿನಲ್ಲಿ ದೊರೆಯುತ್ತದೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 600 ಗ್ರಾಮಿನ ಮೂರು ಸೀಸೆಗಳನ್ನು 25, 20, 15 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿಟ್ಟರೆ ಗುಣಲಬ್ಧ 7500. ಅಂದರೆ ಒಂದೂವರೆ ಕಿಲೋ. ಮಿಕ್ಕ 900 ಗ್ರಾಮಿಗೆ ನಾವು ತೆರುವುದು ಗಾಳಿಯ ಬಾಡಿಗೆ.

ಉದಾಹರಣೆಗಾಗಿ ಒಂದು ಲೆಕ್ಕವನ್ನು ಹಾಕೋಣ. ಅಂಕಿಗಳು ನಾವು ಕಲ್ಪಿಸಿಕೊಂಡವು; ಓದುಗರು ತಮ್ಮ ಅಂಕಿಗಳನ್ನು ಅದೇ ಸ್ಥಾನದಲ್ಲಿಟ್ಟುಕೊಳ್ಳಲಿ. ಇಲ್ಲಿ ಒಂದಕ್ಕೆ 1,500 ರೂಪಾಯಿಯಂತೆ ಮೂರು ಸೀಸೆಗಳಿಗೆ 4,500. ಅಲ್ಲಿ ಒಂದಕ್ಕೆ 800ರಂತೆ 2,400. ಅಲ್ಲಿಯ ಅಂಗಡಿಯಿಂದ ಉಗ್ರಾಣಕ್ಕೆ ಸಾಗಣೆ 200. ಉಗ್ರಾಣದಿಂದ ನಮ್ಮ ಮನೆಗೆ ಕಿಲೋವಿಗೆ 900ರಂತೆ ಒಂದೂವರೆ ಕಿಲೋವಿಗೆ 1,350. ಪರದೇಶದ ನಾಣ್ಯದಲ್ಲಿ ಹಣ ತೆತ್ತುದಕ್ಕಾಗಿ ಬ್ಯಾಂಕು ನೂರಕ್ಕೆ 3ರಂತೆ ಹಿಡಿದರೆ ಸುಮಾರು 118. ಸುಂಕ, ತೆರಿಗೆ, ಅದನ್ನು ಕಟ್ಟಿಸಿಕೊಟ್ಟ ಕೊರಿಯರಿನವರ ಕೂಲಿ ಎಲ್ಲ ಸೇರಿ 1,000. ಒಟ್ಟು 5,068 ರೂಪಾಯಿ. ಉಳಿಸಹೊರಟವರು 568 ರೂಪಾಯಿಗಳನ್ನು ಕಳೆದುಕೊಂಡಂತಾಯಿತು.

ಅದೇ ಸೀಸೆಗಳನ್ನು ಒತ್ತಾಗಿ ಸಣ್ಣ ಪೆಟ್ಟಿಗೆಯಲ್ಲಿ ಕಟ್ಟಿಸಿ 600 ಗ್ರಾಮಿಗೇ ಬಾಡಿಗೆ ತೆತ್ತರೆ 540, ಬ್ಯಾಂಕಿನದು 94, ಸುಂಕ ಮೊದಲಾದುದು 900 ಎಂದಿಟ್ಟುಕೊಂಡರೆ ಒಟ್ಟು 4,134. ಈಗ 366 ರೂಪಾಯಿ ಉಳಿಯಿತು. ಆದುದರಿಂದ ಅಂಗಡಿಯ ರಟ್ಟಿನ ಡಬ್ಬಿಗಳನ್ನು ತೆಗೆದು ಚಿಕ್ಕದಾಗಿ ಕಟ್ಟುವರೇ ಎಂದು ಮೊದಲೇ ವಿಚಾರಿಸತಕ್ಕದ್ದು. ಆದರೆ ದಿನಾಂಕವಿರುವ ಡಬ್ಬಿಯನ್ನು ಎಸೆಯದಂತೆ ಹೇಳತಕ್ಕದ್ದು.

ಸುಂಕದ ವಿಷಯದಲ್ಲಿ ಎರಡು ಮಾತು. ನಮ್ಮ ದೇಶದಲ್ಲಿ ಸುಂಕವನ್ನು ವಸ್ತುವಿನ ಬೆಲೆಯೊಂದರ ಮೇಲೆಯೇ ಹಾಕುವುದಿಲ್ಲ. ಸಾಗಣೆ, ವಿಮೆಗಳ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ದರಗಳು ಬದಲಾಗುತ್ತಿರುವುದರಿಂದ ತರಿಸುವ ದಿನದ ದರವನ್ನೇ ನೋಡಬೇಕು. ಇನ್ನು, “ಉಡುಗೊರೆಯೆಂದು ಬರೆಯಿಸಿದರೆ ಸುಂಕವಿಲ್ಲ” ಎಂದು ನೆಂಟರೊಬ್ಬರು ಈ ಸೋದರಿಗೆ ಹೇಳಿದ್ದಾರಂತೆ. ಅದು ಹಳೆಯ ಮಾತು. ಅಂಚೆ, ಕೊರಿಯರುಗಳ ಮೂಲಕ 5,000 ರೂಪಾಯಿಗಳವರೆಗಿನ ಉಡುಗೊರೆಗೆ ಹಿಂದೆ ಇದ್ದ ರಿಯಾಯಿತಿಯನ್ನು 2019ರ ಡಿಸೆಂಬರಿನಲ್ಲಿ ನಿಲ್ಲಿಸಲಾಯಿತು. ರಾಖಿಗೂ ಜೀವರಕ್ಷಕ ಔಷಧಗಳಿಗೂ ಮಾತ್ರ ವಿನಾಯಿತಿ ಉಳಿಯಿತು. ಬೆಲೆಯನ್ನು ಕಡಿಮೆ ಬರೆಯಿಸುವುದಂತೂ ಅಪರಾಧ. ಸರಕೂ ಹೋಗಿ ದಂಡವೂ ಬೀಳಬಹುದು. ನೆರೆಯ ನಾಲ್ಕು ಮನೆಯವರ ಸಾಮಾನನ್ನು ಒಬ್ಬರ ಹೆಸರಿನಲ್ಲಿ ತರಿಸಿದರೆ, ಅದು ಸ್ವಂತ ಬಳಕೆಗಲ್ಲ, ವ್ಯಾಪಾರಕ್ಕೆ ಎಂಬ ಸಂದೇಹಕ್ಕೂ ಎಡೆಯಾಗುತ್ತದೆ.

ಹೊರನಾಡಿನಲ್ಲಿರುವ ನಮ್ಮ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ಆಸ್ಟ್ರೇಲಿಯದಲ್ಲಿ 2018ರ ಜುಲೈ 1ರಿಂದಲೂ, ಸಿಂಗಾಪುರದಲ್ಲಿ 2023ರ ಜನವರಿ 1ರಿಂದಲೂ ಅಲ್ಪ ಬೆಲೆಯ ಆಮದು ವಸ್ತುಗಳಿಗೂ ತೆರಿಗೆಯುಂಟು. ರವಾನೆಯ ಸಂಸ್ಥೆಗಳನ್ನೂ ಕಾನೂನು ಹೊರಗೆ ಬಿಟ್ಟಿಲ್ಲ. ಅಮೆರಿಕದಲ್ಲಿ 800 ಡಾಲರುಗಳವರೆಗೆ ಇದ್ದ ಸುಂಕದ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳ ಸರಕಿಗೂ ನಿಲ್ಲಿಸಲಾಯಿತು. ನಿನ್ನೆಯ ಲೆಕ್ಕವನ್ನು ನಂಬಿ ಇಂದು ತರಿಸುವುದು ಎಲ್ಲಿಯೂ ಸಲ್ಲದು.

ಹಣದ ಮಾತು ಮುಗಿಯಿತು. ಇನ್ನು ವಸ್ತುವಿನ ಮಾತು. ಕೊರಿಯಾದ ಡಬ್ಬಿಗಳ ಮೇಲೆ ದಿನಾಂಕವು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿರುತ್ತದೆ. ಅದರ ಪಕ್ಕದಲ್ಲಿ ‘ಜೇಜೋ’ ಎಂದಿದ್ದರೆ ತಯಾರಿಸಿದ ದಿನ. ‘ಕಾಜಿ’ ಎಂದಿದ್ದರೆ ಅಲ್ಲಿಯವರೆಗೆ ಬಳಸಬಹುದೆಂದರ್ಥ. ಇವೆರಡನ್ನು ಅದಲುಬದಲು ಮಾಡಿಕೊಂಡು ಹೊಸ ಸೀಸೆಯನ್ನು ಎಸೆದವರೂ ಇರಬಹುದು. ಅಕ್ಷರ ತಿಳಿಯದವರು ಫೋನಿನಲ್ಲಿ ಅನುವಾದ ಮಾಡಿಸಿಕೊಳ್ಳಲಿ. ತೆರೆದ ಡಬ್ಬಿಯ ಚಿತ್ರದಲ್ಲಿ 12ರ ಅಂಕಿಯಿದ್ದರೆ, ತೆರೆದ ಮೇಲೆ ಹನ್ನೆರಡು ತಿಂಗಳು ಬಳಸಬಹುದೆಂದು ತಿಳಿಯಬೇಕು. ವಿಟಮಿನ್ ಸಿ ಇರುವ ದ್ರವಗಳು ಗಾಳಿ, ಬೆಳಕು, ಸೆಕೆಗಳಿಂದ ಕೆಟ್ಟು ಕಂದುಬಣ್ಣಕ್ಕೆ ತಿರುಗುವುದರಿಂದ, ಉಗ್ರಾಣದಲ್ಲಿ ವಾರಗಟ್ಟಲೆ ಕಾಯಿಸುವುದು ಲೇಸಲ್ಲ. ಹೊಸತಾವುದನ್ನೇ ಆಗಲಿ ಮೊದಲು ಮೊಣಕೈಯ ಒಳಭಾಗದಲ್ಲಿ ಕೆಲವು ದಿನ ಸ್ವಲ್ಪ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ ಹಚ್ಚಬೇಕು.

ಇಲ್ಲಿಯ ಅಂಗಡಿಯಲ್ಲಿ ಕ್ರಮವಾಗಿ ಮಾರುವ ಪರದೇಶದ ಸೀಸೆಯ ಮೇಲೆ ಆಮದಿನ ನೋಂದಣಿಯ ಸಂಖ್ಯೆಯೂ, ನೋಂದಣಿ ಪಡೆದವರ ಹೆಸರು ವಿಳಾಸಗಳೂ ಇರಬೇಕೆಂದು ನಿಯಮವಿದೆ. ಕೆಟ್ಟರೆ ಕೇಳಲು ಒಬ್ಬರಿದ್ದಾರೆಂದು ಅದರ ಅರ್ಥ. ನಾವೇ ತರಿಸಿದ ಪಾರ್ಸೆಲಿಗೆ ಇಲ್ಲಿ ಹೊಣೆಗಾರರು ಯಾರೂ ಇಲ್ಲ. ಆ 366 ರೂಪಾಯಿಯ ಉಳಿತಾಯಕ್ಕೆ ಎದುರಾಗಿ ಈ ಸಂಗತಿಯನ್ನೂ ತಕ್ಕಡಿಯಲ್ಲಿಡಬೇಕು.

ಇನ್ನುಳಿದುದು ಆ ಹೆಸರಿಲ್ಲದ ಡಬ್ಬಿ. ಅದಕ್ಕೆ ಲೆಕ್ಕವೇ ಬೇಡ. ಧರ್ಮಕ್ಕೆ ಕೊಟ್ಟರೂ ಬೇಡ. ಬೇಗನೆ ಬಿಳುಪು ಬರಿಸುವ ಇಂಥ ಕ್ರೀಮುಗಳಲ್ಲಿ ಎಷ್ಟೋ ಸಲ ಪಾದರಸ ಬೆರೆತಿರುತ್ತದೆ. ಅದು ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ರೋಗದಿಂದ ಬಂದ ಹಲವರು ಇಂಥ ಕ್ರೀಮುಗಳನ್ನು ಹಚ್ಚುತ್ತಿದ್ದರೆಂದು ಅಲ್ಲಿಯ ವೈದ್ಯರು 2023ರಲ್ಲಿ ಕಂಡುಕೊಂಡರು. ಪಟ್ಟಿಯಲ್ಲಿ ‘ಮರ್ಕ್ಯುರಿ’ ಎಂದಾಗಲಿ ‘ಕ್ಯಾಲೊಮೆಲ್’ ಎಂದಾಗಲಿ ಇದ್ದರೆ ಮುಟ್ಟಬಾರದು; ಪಟ್ಟಿಯೇ ಇಲ್ಲದಿದ್ದರೆ ಮೊದಲೇ ಮುಟ್ಟಬಾರದು. ಈಗಾಗಲೇ ಹಚ್ಚಿಕೊಂಡವರಿಗೆ ಕಾಲು, ಮುಖ ಬಾತರೆ, ಮೂತ್ರದಲ್ಲಿ ನೊರೆ ಕಂಡರೆ, ತಡಮಾಡದೆ ವೈದ್ಯರಲ್ಲಿಗೆ ಹೋಗಿ ಕ್ರೀಮಿನ ಸಂಗತಿಯನ್ನು ಮುಚ್ಚಿಡದೆ ಹೇಳಬೇಕು.

ಸೋದರಿಯವರಿಗೆ ನಮ್ಮ ಸಲಹೆಯಿಷ್ಟು: ಬಿಸಿಲಿನ ಕ್ರೀಮನ್ನೂ ಮೃದುತ್ವದ ಕ್ರೀಮನ್ನೂ ಬೇಡವೆನ್ನಬೇಡಿ. ಮೇಲಿನ ಲೆಕ್ಕವನ್ನು ಮಗಳ ಕೈಯಿಂದಲೇ ಹಾಕಿಸಿ, ಉಳಿತಾಯವಾದರೆ ತರಿಸಿಕೊಡಿ, ಇಲ್ಲವಾದರೆ ಇಲ್ಲಿಯೇ ಕೊಳ್ಳಿ. ಆ ಡಬ್ಬಿಯನ್ನು ಮಾತ್ರ ಪಟ್ಟಿಯಿಂದ ಹೊಡೆದುಹಾಕಿಸಿ. ಬಣ್ಣವನ್ನು ನೋಡಿ ಹೆಣ್ಣನ್ನು ತೂಗುವವರ ಮೆಚ್ಚಿಕೆಗಾಗಿ ದೇಹವನ್ನು ಒತ್ತೆಯಿಡುವುದು ಯಾವ ಮನೆಯ ಲೆಕ್ಕಪುಸ್ತಕದಲ್ಲಿಯೂ ಉಳಿತಾಯವೆನಿಸದು. ಆ ಒಂದು ಮಾತನ್ನಾಡಿ ಹೋದವರ ಮನೆಗೆ ಮಗಳು ಸೇರದಿದ್ದರೆ ನಷ್ಟವೇನೂ ಇಲ್ಲವೆಂದು, ಹಣದ ಮಾತಿಗಿಂತ ಮುಂಚೆ, ತಾಯಿಯ ಬಾಯಿಂದಲೇ ಅವಳು ಕೇಳಲಿ.