ಸೇವೆಗೆ ಶಾಲು ಸಾಕೇ?

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ತಾಯಿ ನೀಲಾಂಬಿಕೆಯ ಐಕ್ಯಸ್ಥಳ. ಆಕೆಯನ್ನು ಕರೆತರಲು ಅಣ್ಣ ಬಸವಣ್ಣನವರು ಕಳಿಸಿದ್ದು ಹಡಪದ ಅಪ್ಪಣ್ಣನವರನ್ನು ಎಂಬುದು ಶರಣ ಚರಿತ್ರೆ. ತಾಂಬೂಲದ ಚೀಲ ಹಿಡಿಯುವುದು ಅವರ ಕಾಯಕ. ಶರಣರು ಆ ಕಾಯಕವನ್ನೇ ಅವರ ಹೆಸರಿನ ಮುಂದಿಟ್ಟು ಗೌರವಿಸಿದರು. ಸೈಕ್ಲಿಂಗ್ ಕ್ಲಬ್ಬುಗಳ ಸ್ವಯಂಸೇವಕರನ್ನು ಸನ್ಮಾನಿಸುವಾಗಲೂ ಈ ಮಾತು ನೆನಪಿರಬೇಕು.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಟುಗಳಿಗೆ ಹೆಸರಾದವು. ಪದಕ ಗೆದ್ದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಆದರೆ ನಸುಕಿನಲ್ಲೇ ಬಂದು ಗಾಳಿ, ಚೈನು, ಬ್ರೇಕು ನೋಡುವವರು ಯಾರು? ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ನಡುವೆ, ಕ್ರಾಸಿನಲ್ಲಿ ಬಾವುಟ ಹಿಡಿದು ಮಕ್ಕಳನ್ನು ದಾಟಿಸುವವರು ಯಾರು? ಕಟ್ಟಕಡೆಯ ಸವಾರ ಮುಟ್ಟುವವರೆಗೆ ಅವರು ಮನೆಗೆ ಹೋಗುವುದಿಲ್ಲ.

ಇಂಥವರನ್ನು ಸನ್ಮಾನಿಸಲೇಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಮರುದಿನ ಅವರೊಬ್ಬರನ್ನೇ ಮತ್ತೆ ರಸ್ತೆಯಲ್ಲಿ ನಿಲ್ಲಿಸಿದರೆ ಏನು ಬಂತು? ನಾನು ಎಂಜಿನಿಯರ್. ಭಾರವನ್ನೆಲ್ಲ ಒಂದೇ ಕಂಬಕ್ಕೆ ಹೊರಿಸಿ ಯಾರೂ ಕಟ್ಟಡ ಕಟ್ಟುವುದಿಲ್ಲ.

ಒಬ್ಬರು ಬಡಿಸಿ ಉಳಿದವರು ಉಂಡೆದ್ದು ಹೋದರೆ ಅದು ದಾಸೋಹವಾಗದು. ಆದ್ದರಿಂದ ಸನ್ಮಾನದ ದಿನವೇ ಇಬ್ಬರು ಯುವಕರು ಅವರ ಬಳಿ ಕೆಲಸ ಕಲಿಯಲು ಹೆಸರು ಕೊಡಲಿ. ಅವರು ಕೈಯಿಂದ ಹಾಕುತ್ತಿರುವ ಟ್ಯೂಬು, ಪೆಟ್ರೋಲಿನ ಖರ್ಚನ್ನು ಕ್ಲಬ್ಬು ಕೊಡಲಿ. ವಾರಕ್ಕೊಂದು ದಿನ ಅವರಿಗೆ ಬಿಡುವು ಸಿಗಲಿ.

ನಮ್ಮ ಮಠಗಳ ಜಾತ್ರೆ, ದಾಸೋಹಗಳಲ್ಲಿ ವರ್ಷಾನುಗಟ್ಟಲೆ ದುಡಿಯುವವರಿಗೂ ಇದೇ ರೂಢಿ ಬರಲಿ. ಕಾಯಕ ಹಂಚಿಕೊಳ್ಳುವುದೇ ಅವರಿಗೆ ಸಲ್ಲುವ ಗೌರವ.