ರೂಢಿಯೆಂಬ ನೆಪ

“ಅವರಿಗೆ ಅದು ರೂಢಿಯಾಗಿದೆ, ಬಿಡಿ.” ಕಬ್ಬು ಕಡಿಯಲು ಬಂದವರ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಸುಶಿಕ್ಷಿತರ ಬಾಯಿಂದ ಮೊದಲು ಹೊರಡುವ ಮಾತು ಇದು. ಚಿಕ್ಕೋಡಿಯಲ್ಲಿ ಕೇಳಿದ್ದೇನೆ, ಅಥಣಿಯಲ್ಲಿ ಕೇಳಿದ್ದೇನೆ. ದಾನಧರ್ಮ ಬಲ್ಲವರ ಬಾಯಲ್ಲೇ ಕೇಳಿದ್ದೇನೆ. ಇಷ್ಟು ಸುಲಭವಾದ, ಇಷ್ಟು ಸುಳ್ಳಾದ ಮಾತು ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲವೆಂಬುದು ನನ್ನ ವಾದ. ಮೂವತ್ತು ವರುಷದ ಗಂಡಸಿಗೆ ರೂಢಿಯಾಗಿರಬಹುದು. ನಾಲ್ಕು ತಿಂಗಳ ಕೂಸಿಗೆ ಯಾವುದರ ರೂಢಿ?

ಸಂಗತಿ ಹೊಸದಲ್ಲ. ಉಗಾರ ಖುರ್ದದಲ್ಲಿ ಸಕ್ಕರೆ ಕಾರಖಾನೆ ಸ್ಥಾಪನೆಯಾದದ್ದು 1939ರಲ್ಲಿ. ಮುಂದೆ ಕೃಷ್ಣೆ, ದೂಧಗಂಗೆಯರ ನೀರು ಹರಿದಲ್ಲೆಲ್ಲ ಕಬ್ಬು ನಿಂತಿತು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಗಳಲ್ಲಿ ಕಾರಖಾನೆಗಳು ಎದ್ದವು. ದೀಪಾವಳಿಯ ಆಚೀಚೆ ಅವುಗಳ ಚಿಮಣಿ ಹೊಗೆಯಾಡತೊಡಗಿದೊಡನೆ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ, ನಮ್ಮದೇ ವಿಜಯಪುರದ ಕಡೆಯಿಂದ ಕುಟುಂಬಗಳು ಬಂದಿಳಿಯುತ್ತವೆ. ಗಂಡಹೆಂಡಿರ ಜೋಡಿಗೆ ಮುಕಾದಮನ ಲೆಕ್ಕದಲ್ಲಿ ಹೆಸರು ಒಂದೇ: ‘ಕೊಯ್ತಾ’, ಅಂದರೆ ಕುಡುಗೋಲು. ಮುಂಗಡ ಪಡೆದದ್ದು ಜೋಡಿ. ಆದುದರಿಂದ ಹೆಂಡತಿ ಹಸಿ ಬಾಣಂತಿಯೆಂದು ಊರಲ್ಲಿ ಉಳಿಯುವಂತಿಲ್ಲ. ಉಳಿದರೆ ಗಳಿಕೆ ಅರ್ಧ, ಸಾಲ ಪೂರ್ತಿ. ಅವಳ ಮಡಿಲಿನ ಕೂಸಿಗೆ ಮಾತ್ರ ಆ ಲೆಕ್ಕದಲ್ಲಿ ಹೆಸರಿಲ್ಲ.

ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ, ನೋಡೋಣ. ಅಳಿಯನಿಗೆ ಪುಣೆಯಲ್ಲೋ ಬೆಂಗಳೂರಲ್ಲೋ ಐದಾರು ತಿಂಗಳ ಕೆಲಸ ಬಿದ್ದಿತೆನ್ನಿ. ಮಗಳು ಕೂಸಿನೊಡನೆ ಹೊರಡಬೇಕು. ಅಜ್ಜಿಯೂ ಜೊತೆಗೆ ಹೊರಡುತ್ತಾಳೆ. ಬಿಸಿಲು ಬೀಳುವ ಕೋಣೆ ಯಾವುದು, ನೀರು ಎಂಥದು, ಮಕ್ಕಳ ಡಾಕ್ಟರರು ಎಷ್ಟು ದೂರ ಎಂದು ಮೊದಲೇ ವಿಚಾರಣೆ ನಡೆಯುತ್ತದೆ. ಇದು ತಪ್ಪೆಂದು ನಾನು ಹೇಳುವುದಿಲ್ಲ; ಕೂಸಿಗೆ ಸಲ್ಲಬೇಕಾದದ್ದೇ ಇದು. ಆದರೆ ಅಷ್ಟೇ ತಿಂಗಳು, ಅದೇ ವಯಸ್ಸಿನ ಕೂಸು, ಬಯಲಿನ ತಾಡಪತ್ರಿ ಗುಡಿಸಲಿಗೆ ಬಂದರೆ ಅದು ‘ರೂಢಿ’ಯಾಗುವುದು ಹೇಗೆ? ನಸುಕಿನ ಚಳಿಯಲ್ಲಿ ತಾಯಿ ಅದನ್ನು ಬದುವಿನ ಮೇಲೆ, ರವದಿಯ ಮರೆಯಲ್ಲಿ ಮಲಗಿಸಿ ಕುಡುಗೋಲು ಹಿಡಿಯುತ್ತಾಳೆ. ಕೂಲಿ ಟನ್ನಿನ ಲೆಕ್ಕದ್ದು. ಹಾಲೂಡಿಸಿದಷ್ಟು ಹೊತ್ತೂ ತೂಕದಲ್ಲಿ ಖೋತಾ. ಹುಟ್ಟಿದ 6, 10, 14ನೆಯ ವಾರಗಳಲ್ಲಿ ಹಾಕಿಸಬೇಕಾದ ಲಸಿಕೆ ಹಂಗಾಮು ಮುಗಿಯಲೆಂದು ಕಾಯುವುದಿಲ್ಲ. ಈ ‘ರೂಢಿ’ ಎಲ್ಲಿಗೆ ಮುಟ್ಟುತ್ತದೆಂಬುದನ್ನು 2019ರಲ್ಲಿ ದೇಶವೇ ಕಂಡಿತು. ಕೂಲಿ ತಪ್ಪಬಾರದೆಂದು ಬೀಡ ಜಿಲ್ಲೆಯ ಹೆಣ್ಣುಮಕ್ಕಳು ಗರ್ಭಕೋಶವನ್ನೇ ತೆಗೆಸಿಕೊಂಡ ಸುದ್ದಿ ಆಗ ಬಯಲಾಯಿತು. ಮಹಾರಾಷ್ಟ್ರ ಸರಕಾರ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು.

ಇನ್ನು ಆಕ್ಷೇಪಗಳು. ಯಾವ ಒಂದು ಕಾರಖಾನೆಯತ್ತ ಬೆರಳು ತೋರುವುದೂ ನನ್ನ ಉದ್ದೇಶವಲ್ಲ, ದೋಷ ಪದ್ಧತಿಯದು. “ಅವರು ನಮ್ಮ ನೌಕರರಲ್ಲ, ಮುಕಾದಮನ ಆಳುಗಳು” ಎಂಬುದು ಮೊದಲನೆಯ ಆಕ್ಷೇಪ. ಐವತ್ತು ನೌಕರರಿರುವಲ್ಲಿ ಶಿಶುಗೃಹ ಇರಬೇಕೆಂದು 2017ರಲ್ಲಿ ಕಾಯಿದೆ ತಿದ್ದುಪಡಿಯಾದರೂ ಈ ತಾಯಿಗೆ ಅದು ದಕ್ಕದಿರುವುದು ಈ ಮಾತಿನಿಂದಲೇ. ಆದರೆ ಕಟಾವು-ಸಾಗಣೆಯ ಖರ್ಚನ್ನು ರೈತನ ಬಿಲ್ಲಿನಲ್ಲಿ ಮುರಿದುಕೊಳ್ಳುವಾಗ ಯಾವ ಗ್ಯಾಂಗು ಎಷ್ಟು ಟನ್ನು ಕಡಿಯಿತೆಂಬುದು ಚೊಕ್ಕವಾಗಿ ಗೊತ್ತಿರುತ್ತದಲ್ಲ! ಕಬ್ಬನ್ನು ಎಣಿಸಬಲ್ಲವರು ಕೂಸನ್ನು ಎಣಿಸಲಾರರೆ?

“ಅವರು ಪರರಾಜ್ಯದವರು” ಎಂಬುದು ಎರಡನೆಯದು. 2020ರ ಜನವರಿಯಲ್ಲಿ ಕರ್ನಾಟಕ, ಮಹಾರಾಷ್ಟ್ರ ಸೇರಿ ಹನ್ನೆರಡು ರಾಜ್ಯಗಳ ಪಡಿತರ ಚೀಟಿ ಒಂದರದು ಇನ್ನೊಂದರಲ್ಲಿ ನಡೆಯುವಂತಾಯಿತು. ಅಕ್ಕಿ-ಗೋಧಿಗಿಲ್ಲದ ಗಡಿ ಕೂಸಿನ ಗಂಜಿಗೇಕೆ? ಆರು ತಿಂಗಳಿನಿಂದ ಆರು ವರುಷದವರೆಗಿನ ಮಗುವಿಗೆ ಅಂಗನವಾಡಿಯ ಆಹಾರ 2013ರ ಆಹಾರ ಭದ್ರತಾ ಕಾಯಿದೆ ಕೊಟ್ಟ ಹಕ್ಕು. ಬೇಡಿ ಪಡೆಯುವ ಭಿಕ್ಷೆಯಲ್ಲ. ಭಾಷೆಯ ನೆಪವಂತೂ ಇಲ್ಲಿ ನಡೆಯದು. ಕನ್ನಡ ಕಲಿಸುವುದೇ ನನ್ನ ವೃತ್ತಿ. ಆದರೂ ಹೇಳುತ್ತೇನೆ, ನಿಪ್ಪಾಣಿಯ ಸಂತೆಯಲ್ಲಿ ಕನ್ನಡ, ಮರಾಠಿ ಎರಡೂ ಸರಾಗ. ಬೀಡಿನ ತಾಯಿಯೊಡನೆ ಮಾತಾಡಬಲ್ಲವರಿಗೆ ಈ ಸೀಮೆಯಲ್ಲಿ ಬರವಿಲ್ಲ.

“ನಾಲ್ಕೈದು ತಿಂಗಳಿದ್ದು ಹೋಗುವವರು” ಎಂಬುದು ಮೂರನೆಯದು. ನಮ್ಮ ಆಯುಷ್ಯದಲ್ಲಿ ಐದು ತಿಂಗಳು ಅಲ್ಪ. ಐದು ತಿಂಗಳ ಕೂಸಿಗೆ ಅದೇ ಪೂರ್ಣಾಯುಷ್ಯ.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಉದ್ಯೋಗ ಖಾತರಿಯ ಕೂಲಿಕಾರ್ತಿಯರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆಯನ್ನು ಕರ್ನಾಟಕ ಸರಕಾರ 2023ರಲ್ಲಿ ಕೈಗೊಂಡಿತು. ಅಂಥ ಮನೆ ಪ್ರತಿಯೊಂದು ಕಬ್ಬಿನ ಬಿಡಾರದ ಪಕ್ಕದಲ್ಲಿಯೂ ಹಂಗಾಮು ಮುಗಿಯುವವರೆಗೆ ಇರಲಿ. ಅದರ ಖರ್ಚನ್ನು ಕಾರಖಾನೆ ಹೊರಲಿ, ರೈತನ ಬಿಲ್ಲಿಗೆ ಹಚ್ಚದಿರಲಿ. ಬರುವ ಕೂಸುಗಳ ಯಾದಿ ಹಂಗಾಮಿಗೆ ಮೊದಲೇ ಮುಕಾದಮನಿಂದ ತಾಲೂಕು ಆರೋಗ್ಯಾಧಿಕಾರಿಗೆ ಮುಟ್ಟಲಿ. ಹಾಲೂಡಿಸುವ ಹೊತ್ತಿಗೆ ಕೂಲಿ ಸಲ್ಲಲಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಕಂಡು ನಗುವ ಜನ ನಾವು. ವರುಷ ವರುಷ ತಪ್ಪದೆ ಬರುವ ಕೂಸಿಗೆ ಇಷ್ಟು ದಿನವಾದರೂ ಕುಲಾವಿ ಹೊಲಿಸಿಲ್ಲವೆಂಬುದಕ್ಕೆ ಯಾರು ನಗಬೇಕು?

ನಿಪ್ಪಾಣಿ ಯಾರದು, ಬೆಳಗಾವಿ ಯಾರದು ಎಂದು 1956ರಿಂದ ವಾದಿಸುತ್ತ ಬಂದಿದ್ದೇವೆ. ಬದುವಿನ ಮೇಲಿನ ಕೂಸು ಯಾರದೆಂದು ಎರಡೂ ಕಡೆಯವರು ಕೇಳಿದ್ದು ಕಡಿಮೆ. ಮುಂದಿನ ಹಂಗಾಮಿನ ಬಾಯ್ಲರ್ ಪೂಜೆಗೆ ನಮ್ಮ ವಾಚಕರಲ್ಲಿ ಹಲವರಿಗೆ ಆಮಂತ್ರಣ ಬಂದೀತು. ಹೋಗಿರಿ, ಪ್ರಸಾದ ಸ್ವೀಕರಿಸಿರಿ. ಆಮೇಲೆ ವೇದಿಕೆಯ ಮೇಲಿನವರನ್ನು ಒಂದೇ ಪ್ರಶ್ನೆ ಕೇಳಿರಿ: ಈ ಸಲ ಎಷ್ಟು ಕೂಸು ಬರಲಿವೆ, ಅವಕ್ಕೆ ಜಾಗ ಎಲ್ಲಿ ಮಾಡಿದ್ದೀರಿ?